ಹಾಲವ್ವನ ತಣ್ಣನೆ ಮನೆ

ದಾವಣಗೆರೆ ಕಡೆ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಹಾಲವ್ವ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಕರಿಬಸ. ಎತ್ತಿನಂಥ ಮೈ, ಬೆಣ್ಣೆಯಂಥ ಮನಸ್ಸು. ತಲೆ ಅನ್ನೋದೂ ಒಂದಿತ್ತು, ಅದರೊಳಗೆ ಏನಿದೆ ಅಂತ ಹೆತ್ತವಳಿಗೂ ತಿಳಿದಿರಲಿಲ್ಲ. ಹೇಳಿದ ಮಾತು ಮೀರುವವನಲ್ಲ ಅವನು. ತೊಂದರೆ ಇದ್ದದ್ದೇ ಅಲ್ಲಿ. ಹಾಲು ನೋಡ್ತಾ ಇರು ಅಂದರೆ, ಅದು ಉಕ್ಕಿ, ಸುರಿದು, ಒಲೆ ಆರಿಹೋಗುವ ತನಕ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಹಾಲವ್ವ ಬೆಳಗಿಂದ ಸಂಜೆ ತನಕ ಭಟ್ಟಿಯ ಮುಂದೆ ನಿಂತು, ಕಾದ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಮಾಡುವವಳು. ಮೈಯೆಲ್ಲ ಬೆಂದು ಮನೆಗೆ ಬಂದರೆ ಅಲ್ಲಿ ತಗಡಿನ ಸೂರು. ಅದು ಇನ್ನೊಂದು ಭಟ್ಟಿ. ಫ್ಯಾನು ಹಾಕಿದರೆ ಬಿಸಿಗಾಳಿ, ಹಾಕದಿದ್ದರೆ ಸೆಕೆ. ಫ್ಯಾನು ತಿರುಗಿದರೂ ಉಪಯೋಗವಿಲ್ಲ, ಕರೆಂಟು ಬಿಲ್ಲು ಮಾತ್ರ ತಪ್ಪದೆ ಬರುತ್ತಿತ್ತು. ಸಾಯುವುದರೊಳಗೆ ಒಂದು ತಣ್ಣನೆ ಮನೆಯಲ್ಲಿ ಮಲಗಬೇಕು ಅಂತ ಅವಳ ಆಸೆ.

ಗೌಂಡಿ ದುರುಗಪ್ಪ, ಆಗಲಿ ಅಕ್ಕ, ಕಟ್ಟೋಣ ಅಂದ. ಮನೆ ಕಟ್ಟೋ ಜಾಗದ ಮಣ್ಣನ್ನೇ ಅಗೆದು, ಚೂರು ಸಿಮೆಂಟು ಬೆರೆಸಿ, ಅಚ್ಚಿನಲ್ಲಿ ಒತ್ತಿ ಇಟ್ಟಿಗೆ ಮಾಡೋದು. ಗೋಡೆ ದಪ್ಪ, ಪಡುವಣಕ್ಕೆ ಸಣ್ಣ ಕಿಟಕಿ, ಬಿಸಿಗಾಳಿ ಹೊರಗೆ ಹೋಗೋಕೆ ಮೇಲುಗಡೆ ಕಿಂಡಿ. ಖರ್ಚೂ ಕಡಿಮೆ, ಫ್ಯಾನೂ ಬೇಡ. ಆದರೆ ಜಾಗದಲ್ಲಿ ಮನೆಯವರು ಒಬ್ಬರು ಇರಲೇಬೇಕು ಅಂದ. ಹಾಲವ್ವ ಭಟ್ಟಿ ಬಿಟ್ಟು ಬರುವಂತಿರಲಿಲ್ಲ. ಉಳಿದವನು ಕರಿಬಸ ಒಬ್ಬನೇ.

ಮೊದಲ ದಿನ ಇಟ್ಟಿಗೆ ಒತ್ತಿ ಸಾಲಾಗಿ ಜೋಡಿಸಿದರು. ಇಟ್ಟಿಗೆ ಮೇಲೆ ಒಂದು ಕಣ್ಣಿಟ್ಟಿರು ಮಗನೇ ಅಂತ ಹೇಳಿ ಹಾಲವ್ವ ಕೆಲಸಕ್ಕೆ ಹೋದಳು. ಸಂಜೆ ಬಂದು ನೋಡಿದರೆ ಕರಿಬಸ ಬೋರಲು ಮಲಗಿದ್ದಾನೆ. ಒಂದು ಕಣ್ಣು ಮುಚ್ಚಿದ್ದಾನೆ, ಇನ್ನೊಂದನ್ನು ಇಟ್ಟಿಗೆಗೆ ಒತ್ತಿ ಇಟ್ಟಿದ್ದಾನೆ. ಅವನ ಬೆನ್ನ ಹಿಂದೆ ಯಾರದೋ ಎಮ್ಮೆಗಳು ಅರ್ಧ ಸಾಲು ತುಳಿದು ಹೋಗಿವೆ, ಮಿಕ್ಕದ್ದು ಬಿಸಿಲಿಗೆ ಬಿರಿದಿದೆ.

"ಒಂದು ಕಣ್ಣು ಇಟ್ಟೀನವ್ವ," ಅಂದ ಅವನು, ಎದ್ದು ಕೂತು. ರೆಪ್ಪೆಗೆಲ್ಲ ಕೆಮ್ಮಣ್ಣು.

ಹಾಲವ್ವ ಬಾಯಿಗೆ ಬಂದ ಹಾಗೆ ಬೈದಳು. ಬೈದು ಸುಸ್ತಾದ ಮೇಲೆ ಬುದ್ಧಿ ಹೇಳಿದಳು. ಇನ್ಮುಂದೆ ಮನೆ ಸಾಮಾನು ಏನೇ ಬರಲಿ, ನೆರಳಿಗೆ ಹಾಕಬೇಕು, ಮೇಲೆ ಗೋಣಿಚೀಲ ಹೊದಿಸಬೇಕು, ಬೆಳಿಗ್ಗೆ ಸಂಜೆ ತಪ್ಪದೆ ನೀರು ಹೊಡೆಯಬೇಕು. ಕರಿಬಸ ತಲೆಯಾಡಿಸಿದ.

ಆಮೇಲೆ ಬಂದದ್ದು ಸಿಮೆಂಟು. ಕರಿಬಸ ಮೂಟೆಗಳನ್ನು ಒಂದೊಂದಾಗಿ ಹೊತ್ತು ನೆರಳಿಗೆ ಹಾಕಿದ, ಗೋಣಿಚೀಲ ಹೊದಿಸಿದ, ಬೆಳಿಗ್ಗೆ ನೀರು ಹೊಡೆದ, ಸಂಜೆಗೂ ಹೊಡೆದ. ಪಾಪ, ಬಿಸಿಲು ಜೋರಿದೆ ಅಂತ ಮಧ್ಯಾಹ್ನ ಇನ್ನೊಂದು ಕೊಡ ಹೆಚ್ಚಿಗೆ ಸುರಿದ. ದುರುಗಪ್ಪ ಮೂಟೆ ಬಿಚ್ಚಲು ಹೋದರೆ ಒಳಗಿರೋದು ಬಂಡೆ. ಹಾರೆಯಿಂದ ಹೊಡೆದರೆ ಹಾರೆಯೇ ಠಣ್ ಅಂತು. ಆ ಮೂಟೆಬಂಡೆಗಳನ್ನು ಬಚ್ಚಲ ಬುಡಕ್ಕೆ ಹಾಕಿಬಿಡೋಣ ಬಿಡಕ್ಕ ಅಂದ ಗೌಂಡಿ. ನಗು ತಡೆಯೋಕಾಗದೆ ಅವನು ಇಟ್ಟಿಗೆ ರಾಶಿಯ ಮರೆಗೆ ಹೋದ.

ಹಾಲವ್ವನಿಗೆ ನಗು ಬರಲಿಲ್ಲ. ನಿನ್ನ ತಲೆಗೆ ಹೊಡೀಬೇಕಿತ್ತು ಆ ನೀರನ್ನ ಅಂತ ಬೈದಳು, ಅತ್ತಳು, ಮತ್ತೆ ಬುದ್ಧಿ ಹೇಳಿದಳು. ಬೆಲೆ ಬಾಳೋ ಸಾಮಾನಿಗೆ ನೀರು ಸೋಕಬಾರದು, ಬಿಸಿಲು ತಾಗಬಾರದು. ಪ್ಲಾಸ್ಟಿಕ್ ಹಾಳೆ ಸುತ್ತಿ, ಬಿಗಿಯಾಗಿ ಕಟ್ಟಿ, ಕತ್ತಲೆ ಮೂಲೆಗೆ ಇಡಬೇಕು. ಕರಿಬಸ ತಲೆಯಾಡಿಸಿದ.

ಹೇಗೋ ಗೋಡೆ ಎದ್ದಿತು, ತಾರಸಿ ಬಿತ್ತು. ಬೆಲೆ ಬಾಳೋ ಸಾಮಾನೂ ಬಂತು, ಸೋಲಾರ್ ಹಲಗೆ. ಅಂಗಡಿಯವರು ವೈರು ಜೋಡಿಸಿ, ಹಲಗೆ ಮೇಲಿಡೋದು ನೀವೇ ನೋಡಿಕೊಳ್ಳಿ ಅಂತ ಹೇಳಿ ಹೋದರು. ಹಾಲವ್ವ ಸಂಜೆ ಬಂದು ಸ್ವಿಚ್ಚು ಒತ್ತಿದಳು. ದೀಪವಿಲ್ಲ. ದುರುಗಪ್ಪ ಬಲ್ಬು ಬದಲಿಸಿದ. ದೀಪವಿಲ್ಲ. ಇಬ್ಬರೂ ಹಲಗೆ ಹುಡುಕಿಕೊಂಡು ಹೊರಟರೆ ಅದು ಅಟ್ಟದ ಮೂಲೆಯಲ್ಲಿ, ಪ್ಲಾಸ್ಟಿಕ್ ಸುತ್ತಿಸಿಕೊಂಡು, ಹಗ್ಗ ಬಿಗಿಸಿಕೊಂಡು, ಹೆಣದ ಹಾಗೆ ಒರಗಿತ್ತು.

"ಬಿಸಿಲಿನ ಒಂದು ಎಳೆಯೂ ತಾಗಿಲ್ಲ ನೋಡವ್ವ," ಅಂದ ಕರಿಬಸ. ಮುಖದಲ್ಲಿ ಅಷ್ಟು ಹೆಮ್ಮೆ.

ಆವತ್ತಿನ ಬೈಗುಳ ಓಣಿಯ ತುದಿ ತನಕ ಕೇಳಿಸಿತಂತೆ. ಆಮೇಲೆ ಮತ್ತೆ ಬುದ್ಧಿಮಾತು. ನೋಡು ಮಗನೇ, ಜೋಪಾನವಾಗಿ ನೋಡಿಕೊಳ್ಳಬೇಕಾದ್ದು ಬಂತು ಅಂದರೆ ತಾರಸಿಗೆ ಹತ್ತಿಸು. ದಕ್ಷಿಣಕ್ಕೆ ಮುಖ ಮಾಡಿ, ಬಿಸಿಲಿಗೆ ಓರೆಯಾಗಿ ಮಲಗಿಸು. ಮೇಲೆ ಧೂಳು ಕೂತರೆ ಒದ್ದೆ ಬಟ್ಟೆಯಿಂದ ಒರೆಸು. ಕರಿಬಸ ತಲೆಯಾಡಿಸಿದ.

ಗೃಹಪ್ರವೇಶದ ದಿನ ಗೊತ್ತಾಯಿತು. ಆ ದಿನ ಬೆಳಿಗ್ಗೆ, ಪೂಜೆಗೆ ಪಂಚಾಕ್ಷರಯ್ಯನವರು ಬರುತ್ತಾರೆ, ದೊಡ್ಡ ಮನುಷ್ಯರು, ಜೋಪಾನವಾಗಿ ನೋಡಿಕೊಳ್ಳಬೇಕಪ್ಪ ಅಂತ ಹಾಲವ್ವ ಮಗನಿಗೆ ಹೇಳಿ, ಹೂವು ಹಣ್ಣು ತರಲು ಪೇಟೆಗೆ ಹೋದಳು. ತನ್ನ ಬಾಯಿಂದ ಯಾವ ಮಾತು ಬಿತ್ತು ಅನ್ನೋದು ಅವಳಿಗೆ ಹೊಳೆಯಲಿಲ್ಲ.

ಅಯ್ಯನವರು ಬಂದರು. ಕರಿಬಸ ಅಡ್ಡಬಿದ್ದು, ಅವ್ವ ನಿಮ್ಮನ್ನ ತಾರಸಿ ಮೇಲಿರಿಸೋಕೆ ಹೇಳ್ಯಾಳೆ ಅಂದ. ಪೂಜೆ ಮೇಲೇ ಇರಬೇಕು ಅಂದುಕೊಂಡು ಅಯ್ಯನವರು ಏದುಸಿರು ಬಿಡುತ್ತ ಏಣಿ ಹತ್ತಿದರು. ಮೇಲೆ ಪೂಜೆಯೂ ಇಲ್ಲ, ಮಣೆಯೂ ಇಲ್ಲ. ಎತ್ತಿನಂಥ ಹುಡುಗ ಅವರನ್ನು ಮಗುವಿನ ಹಾಗೆ ಎತ್ತಿ, ದಕ್ಷಿಣಕ್ಕೆ ಮುಖ ಮಾಡಿ, ಸೋಲಾರ್ ಹಲಗೆಯ ಪಕ್ಕ ಓರೆಯಾಗಿ ಮಲಗಿಸಿದ. ಏಳಲು ಹೋದರೆ ಮತ್ತೆ ಮಲಗಿಸಿದ. ಹಣೆ ಮೇಲೆ ಬೂದಿಯಂಥದ್ದೇನೋ ಕೂತಿರೋದು ಕಂಡು ಒದ್ದೆ ಬಟ್ಟೆಯಿಂದ ತಿಕ್ಕಿ ಒರೆಸಿದ. ತೋಳಿನ ಮೇಲೂ ಇತ್ತು, ಅದನ್ನೂ ಒರೆಸಿದ. ಒಂದೆಳೆ ವಿಭೂತಿ ಉಳಿಯಲಿಲ್ಲ.

ಹಾಲವ್ವ ವಾಪಸು ಬಂದಾಗ ಮಂತ್ರ ಕೇಳಬೇಕಾದ ಹೊತ್ತಿನಲ್ಲಿ ತಾರಸಿಯಿಂದ ಬೇರೆ ಬೇರೆ ಮಾತು ಕೇಳಿಬರುತ್ತಿತ್ತು. ಅಯ್ಯನವರಿಗೆ ಅಂಥ ಮಾತುಗಳೂ ಬರುತ್ತವೆ ಅಂತ ಅವಳಿಗೆ ಗೊತ್ತಾದದ್ದೇ ಆವತ್ತು. ಕಾಲಿಗೆ ಬಿದ್ದು ಕೆಳಗಿಳಿಸಿಕೊಂಡಳು. ಪೂಜೆಯೂ ಬೇಡ ದಕ್ಷಿಣೆಯೂ ಬೇಡ, ನೀರು ಕೊಡು ಸಾಕು ಅಂದ ಅಯ್ಯನವರು ಒಳಗೆ ಕಾಲಿಟ್ಟರು. ಕಾಲಿಟ್ಟವರು ನಿಂತುಬಿಟ್ಟರು. ಗೋಡೆ ಮುಟ್ಟಿ ನೋಡಿದರು. ನೀರು ಕುಡಿದು ಹಾಗೇ ಚಾಪೆಗೆ ಒರಗಿದವರು ಗೊರಕೆ ಹೊಡೆದರು. ಎದ್ದ ಮೇಲೆ ಸಿಟ್ಟು ಅರ್ಧಕ್ಕೆ ಇಳಿದಿತ್ತು. ಹೊಸದಾಗಿ ವಿಭೂತಿ ಹಚ್ಚಿಕೊಂಡು, ಕರಿಬಸನನ್ನು ಹೊರಗೆ ನಿಲ್ಲಿಸಿ, ಪೂಜೆ ಮುಗಿಸಿಯೇ ಹೋದರು.

ಹಾಲವ್ವನ ಜೀವಕ್ಕೆ ಅಷ್ಟೇ ಬೇಕಿತ್ತು. ಮನೆ ತಣ್ಣಗಿದೆ. ದುರುಗಪ್ಪ ಹೋಗುವಾಗ ಒಂದು ಮಾತು ಹೇಳಿ ಹೋದ: ಹಗಲು ಕಿಟಕಿ ಬಾಗಿಲು ಹಾಕಿಟ್ಟಿರಬೇಕು, ಸಂಜೆ ತೆರೆದರೆ ತಂಪು ತಾನಾಗಿ ಒಳಗೆ ಬರುತ್ತದೆ. ಮಾರನೇ ದಿನ ಕೆಲಸಕ್ಕೆ ಹೊರಟ ಹಾಲವ್ವ ಅದನ್ನೇ ಮಗನಿಗೆ ತಿಳಿಯುವ ಹಾಗೆ ಚಿಕ್ಕದು ಮಾಡಿ ಹೇಳಿದಳು. ಬಿಸಿಯಾದದ್ದು ಯಾವುದನ್ನೂ ಒಳಗೆ ಬಿಡಬೇಡ, ಅಷ್ಟೇ ನಿನ್ನ ಕೆಲಸ.

ಸಂಜೆ ಭಟ್ಟಿಯಿಂದ ಬಂದಳು. ಸೀರೆ ಮೈಗಂಟಿತ್ತು, ಕಣ್ಣು ಉರಿಯುತ್ತಿದ್ದವು. ಒಳಗೆ ಹೋಗಿ ಮಲಗಿದರೆ ಸಾಕು ಅನ್ನೋದೊಂದೇ ಯೋಚನೆ. ಬಾಗಿಲ ಮುಂದೆ ಕರಿಬಸ ಬೆವರು ಸುರಿಸುತ್ತ ಕೂತಿದ್ದ. ಎದ್ದು ಬಂದು ಅವಳ ಹಣೆ ಮುಟ್ಟಿ ನೋಡಿ, ಕೈ ಅಡ್ಡ ಹಿಡಿದ.

"ನೀನೂ ಬಿಸಿ ಅದೀಯವ್ವ. ಒಳಗೆ ಬಿಡಂಗಿಲ್ಲ."

ಕೇಳಿದರೆ ಒಂದೊಂದಾಗಿ ಹೇಳಿದ. ಪಕ್ಕದ ಮನೆಯವರು ಬಿಸಿ ಹೋಳಿಗೆ ತಂದಿದ್ದರಂತೆ, ವಾಪಸು ಕಳಿಸಿದನಂತೆ. ಬೆಳಿಗ್ಗೆ ನೀರಿಗೆ ಅಂತ ಹೊರಗೆ ಬಂದಾಗ ಬಿಸಿಲಿಗೆ ತನ್ನ ಮೈಯೇ ಕಾದಿತ್ತಂತೆ, ಆಗಿಂದ ತಾನೂ ಒಳಗೆ ಹೋಗಿಲ್ಲವಂತೆ. ಅವನ ಮೂಗು, ಕಿವಿ ಸುಟ್ಟು ಕೆಂಪಾಗಿದ್ದವು.

ಹಾಲವ್ವ ಬೈಯಲು ಬಾಯಿ ತೆರೆದಳು. ಬೈಗುಳ ಬರಲಿಲ್ಲ. ತನಗೋಸ್ಕರ ಇಷ್ಟು ಬಿಸಿಲಲ್ಲಿ ಯಾರೂ ಕಾದಿರಲಿಲ್ಲ ಅನಿಸಿತು. ಸೆರಗಿನಿಂದ ಅವನ ಮುಖ ಒರೆಸಿ, ಹೊತ್ತು ಮುಳುಗಿತಲ್ಲೋ, ಇನ್ನು ಎಲ್ಲರೂ ಒಳಗೆ ಹೋಗಬಹುದು ಅಂತ ಸಮಾಧಾನವಾಗಿ ಹೇಳಿದಳು. ಬಾಗಿಲಿಗೆ ಒತ್ತಿದರೆ ಬೀಳುವ ದೊಡ್ಡ ಬೀಗ ಬಿದ್ದಿತ್ತು.

"ಕೀಲಿ ಕೊಡು ಮಗನೇ."

"ಕಬ್ಬಿಣದ ಕೀಲಿ ಅಲ್ಲೇನವ್ವ," ಅಂದ ಕರಿಬಸ. "ಜೇಬಿನಾಗೆ ಇದ್ರೆ ಕಾಯ್ದುಬಿಡ್ತದೆ. ಅದಕ್ಕೇ ಒಳಗೆ ಗೂಡಿನಾಗೆ ಇಟ್ಟು ಬೀಗ ಒತ್ತೀನಿ. ತಣ್ಣಗೈತೆ."