ರಾಜನ ಸೋಲು ಕತ್ತರಿಸಲು ಬಂದ ಮಧ್ಯಮದ ಲ್ಯಾಪ್‌ಟಾಪು

ಒಂದಾನೊಂದು ಊರಿನಲ್ಲಿ ಅಂತ ಶುರು ಮಾಡಿದರೆ ಯಾವ ಊರು ಅಂತ ಕೇಳುತ್ತೀರಿ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಆ ಊರಿಗೆ ತನ್ನ ಹೆಸರು ಹೇಳಿಕೊಳ್ಳಲೂ ನಾಚಿಕೆ. ನಮಗೆ ನಿಮಗೆ ನಾಚಿಕೆಯಾದರೆ ತಲೆ ತಗ್ಗುತ್ತದೆ. ಅಲ್ಲಿಯವರಿಗೆ ಕುತ್ತಿಗೆಯೇ ಒಳಕ್ಕೆ ಹೋಗುತ್ತಿತ್ತು. ಸಣ್ಣ ನಾಚಿಕೆಗೆ ಒಂದು ಬೆರಳು, ದೊಡ್ಡ ನಾಚಿಕೆಗೆ ಒಂದು ಗೇಣು. ಎದುರು ಬಂದವನ ಕುತ್ತಿಗೆ ನೋಡಿದರೆ ಸಾಕು, ಅವನ ಮನೆಯ ಸಮಾಚಾರವೆಲ್ಲ ತಿಳಿಯುತ್ತಿತ್ತು. ಹಾಗಾಗಿ ಆ ಊರಿನಲ್ಲಿ ಸುಡು ಬೇಸಿಗೆಯಲ್ಲೂ ಮಫ್ಲರ್ ಚೆನ್ನಾಗಿ ಖರ್ಚಾಗುತ್ತಿತ್ತು.

ಆ ಊರಿಗೊಬ್ಬ ರಾಜ, ಮರಿದೊಡ್ಡರಾಜ ಅಂತ. ಅವನಿಗೆ ಚೌಕಾಬಾರದ ಹುಚ್ಚು. ಎದ್ದರೆ ಚೌಕಾಬಾರ, ಉಂಡರೆ ಚೌಕಾಬಾರ, ದೂರು ಹೇಳಿಕೊಂಡು ಬಂದವರ ಜೊತೆಗೂ ಚೌಕಾಬಾರ. ಎಲ್ಲ ಆಟವನ್ನೂ ಅವನೇ ಗೆಲ್ಲುತ್ತಿದ್ದ. ರಾಜನ ಮುಂದೆ ಕವಡೆ ಹಿಡಿದವರು ಸೋಲಬೇಕೆಂಬುದು ಅಲ್ಲಿನ ಪದ್ಧತಿ. ಮಂತ್ರಿಗಂತೂ ಸೋತು ಸೋತು ಎಷ್ಟು ಅಭ್ಯಾಸವಾಗಿತ್ತೆಂದರೆ, ಮನೆಯಲ್ಲಿ ಒಬ್ಬನೇ ಕೂತು ಆಡಿದರೂ ಸೋಲುತ್ತಿದ್ದ.

ರಾಜ ಗೆದ್ದದ್ದನ್ನೆಲ್ಲ ವಿಡಿಯೋ ಹಿಡಿಯಲು ಒಬ್ಬನಿದ್ದ. ಅವನ ಹೆಸರು ಬೋರಲಿಂಗ. ಈ ಕತೆ ಅವನದು. ಒಳ್ಳೆಯವನೇ, ಆದರೆ 'ಹೂಂ ಬುದ್ಧಿ' ಅನ್ನುವುದನ್ನು ಬಿಟ್ಟು ಬೇರೆ ಮಾತು ಅರಮನೆಯಲ್ಲಿ ಅವನ ಬಾಯಿಂದ ಬರುತ್ತಿದ್ದದ್ದು ಅಪರೂಪ. ಅವನ ಹೆಂಡತಿ ಚಿಕ್ಕತಾಯಿ. ಸೋದರತ್ತೆ ಮಗನನ್ನೇ ಕಟ್ಟಿಕೊಂಡವಳು, ಹಾಗಾಗಿ ಮದುವೆಯಾದ ಮೇಲೂ ಅವನನ್ನು ಬಾವ ಅಂತಲೇ ಕರೆಯುತ್ತಿದ್ದಳು.

ಒಂದು ಮಧ್ಯಾಹ್ನ ಚಿಕ್ಕತಾಯಿ ಅರಮನೆಗೆ ಮಜ್ಜಿಗೆ ಕೊಡಲು ಬಂದಳು. ಅವತ್ತು ಊರಿನವರೆಲ್ಲ ಸೋತು ಮುಗಿಸಿದ್ದರು, ರಾಜನಿಗೆ ಆಡಲು ಜನವೇ ಇರಲಿಲ್ಲ. "ಕೂತ್ಕೊಳವ್ವ, ಒಂದಾಟ ಆಡು" ಅಂದ. ಅವಳು ಸೆರಗು ಸಿಕ್ಕಿಸಿಕೊಂಡು ಕೂತಳು. ಸೋಲಬೇಕು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಚೌಕ ಬಿತ್ತು, ಬಾರ ಬಿತ್ತು, ಮತ್ತೆ ಚೌಕ ಬಿತ್ತು. ಪಕ್ಕದಲ್ಲಿ ರಾಣಿ ನೋಡುತ್ತಿದ್ದ ಹಾಗೇ ರಾಜನ ಕಾಯಿಗಳನ್ನು ಒಂದೊಂದಾಗಿ ಕಡಿದಳು. ತನ್ನ ಕಾಯಿಗಳನ್ನೆಲ್ಲ ನಡುಮನೆ ಸೇರಿಸಿ ಹಣ್ಣು ಮಾಡಿಕೊಂಡಳು. ಆಮೇಲೆ ಮಜ್ಜಿಗೆ ಚೆಂಬು ಎತ್ತಿಕೊಂಡು ಮನೆಗೆ ಹೋದಳು.

ರಾಜನ ಕುತ್ತಿಗೆ ಸರಕ್ಕನೆ ಒಳಗೆ ಹೋಯಿತು. ಕಿರೀಟ ಬಂದು ಹೆಗಲ ಮೇಲೆ ಕೂತಿತು. ಊಟ ಮಾಡಿಸಬೇಕಾದರೆ ಇಬ್ಬರು ಆಳುಗಳು ಆಚೆ ಈಚೆ ನಿಂತು ಕಿವಿ ಹಿಡಿದು ಮೇಲಕ್ಕೆಳೆಯಬೇಕಾಯಿತು.

"ಬೋರಲಿಂಗ, ಇವತ್ತಿನ ಆಟ ಹಿಡಿದಿದ್ದೀಯೇನೋ?" ಅಂದ ರಾಜ, ಹೆಗಲೊಳಗಿಂದ.

"ಹೂಂ ಬುದ್ಧಿ."

"ಅದನ್ನ ಎಡಿಟ್ ಮಾಡು. ನಾನೇ ಗೆದ್ದ ಹಾಗೆ ಮಾಡು. ಊರಿಗೆಲ್ಲ ತೋರಿಸಬೇಕು."

"ಹೂಂ ಬುದ್ಧಿ."

ಅಂದಾದ ಮೇಲೆ ಹೊಳೆಯಿತು ಅವನಿಗೆ. ರಾಜ ಗೆಲ್ಲಬೇಕಾದರೆ ಯಾರೋ ಒಬ್ಬರು ಸೋಲಬೇಕು. ಆ ಯಾರೋ ಒಬ್ಬರು ಮನೆಯಲ್ಲಿ ಮುದ್ದೆ ತಿರುವುತ್ತಾ ಕೂತಿದ್ದಾಳೆ. ಬೋರಲಿಂಗನ ಕುತ್ತಿಗೆ ಒಂದು ಬೆರಳು ಇಳಿಯಿತು.

"ಇರೋ ಕಂಪ್ಯೂಟ್ರು ಹಳೇದು ಬುದ್ಧಿ, ಅದ್ರಲ್ಲಿ ಎಡಿಟಿಂಗು ಆಗಾಕಿಲ್ಲ" ಅಂತ ತಪ್ಪಿಸಿಕೊಳ್ಳಲು ನೋಡಿದ.

"ಹಾಗಾದ್ರೆ ಹೊಸ ಲ್ಯಾಪ್‌ಟಾಪ್ ತಾ" ಅಂದ ರಾಜ. "ಆದ್ರೆ ನೋಡು, ದುಬಾರಿಯದು ತಂದರೆ ರಾಜನ ನಾಚಿಕೆ ಭಾರೀ ದೊಡ್ಡದು ಅಂತಾರೆ. ಅಗ್ಗದ್ದು ತಂದರೆ ರಾಜನ ನಾಚಿಕೆಗೆ ಇಷ್ಟೇ ಬೆಲೆಯಾ ಅಂತಾರೆ. ಮಧ್ಯಮದ್ದು ತಾ. ಅದು ನನ್ನ ಜೊತೆ ಚೌಕಾಬಾರವನ್ನೂ ಆಡಬೇಕು. ಆಡಿ ಸೋಲಬೇಕು. ಸುಮ್ಮನೆ ಸೋಲಬಾರದು, ಕಷ್ಟಪಟ್ಟು ಸೋಲಬೇಕು."

"ಹೂಂ ಬುದ್ಧಿ."

ಅವನು ಮನೆಗೆ ಬಂದರೆ ಚಿಕ್ಕತಾಯಿ ಬಾಗಿಲಲ್ಲೇ ನಿಂತಿದ್ದಳು. ಹುಟ್ಟಿದಾಗಿನಿಂದ ಅವತ್ತಿನ ಆಟದವರೆಗೆ ಅವಳು ಏನನ್ನೂ ಗೆದ್ದವಳಲ್ಲ. ಶಾಲೆಯ ಓಟದಲ್ಲಿ ಕೊನೆ, ಚೀಟಿ ಎತ್ತಿದರೆ ಕೊನೆ, ನಲ್ಲಿಯ ಸಾಲಿನಲ್ಲೂ ಕೊನೆ. "ಬಾವ, ನನ್ ಆಟ ಯಾವಾಗ ತೋರಿಸ್ತಾರೆ? ಬೀದಿಯೋರಿಗೆಲ್ಲ ಹೇಳಿವ್ನಿ. ನಮ್ಮವ್ವಂಗೂ ಹೇಳಿ ಕಳಿಸಿವ್ನಿ" ಅಂದಳು. ಬೋರಲಿಂಗ ತಟ್ಟೆ ನೋಡಿಕೊಂಡು ಉಂಡ. ಮುದ್ದೆ ನುಂಗಿದರೆ ಇಳಿಯಲಿಲ್ಲ, ಕುತ್ತಿಗೆ ಗಿಡ್ಡವಾಗಿ ದಾರಿ ಇಕ್ಕಟ್ಟಾಗಿತ್ತು.

ಇನ್ನು ಆ ಊರಿನ ಇನ್ನೊಂದು ಪದ್ಧತಿ ಕೇಳಿ. ಮನೆಗೆ ಏನೇ ತರಲಿ, ಒರಳುಕಲ್ಲಾಗಲಿ ಕುಕ್ಕರಾಗಲಿ, ಹೆಣ್ಣು ನೋಡುವ ಶಾಸ್ತ್ರ ಮಾಡಿಯೇ ತರಬೇಕು. ಹಿರಿಯರು ಹೋಗಬೇಕು, ಉಪ್ಪಿಟ್ಟು ಕೇಸರಿಬಾತು ತಿನ್ನಬೇಕು, ಕೇಳುವುದನ್ನೆಲ್ಲ ಕೇಳಬೇಕು. ಒಪ್ಪಿದರೂ ಅಲ್ಲೇ ಹೇಳುವಂತಿಲ್ಲ. 'ಊರಿಗೆ ಹೋಗಿ ಕಾಗದ ಬರೀತೀವಿ' ಅಂತ ಎದ್ದು ಬರಬೇಕು. ಅಂಗಡಿ ಅದೇ ಊರಿನಲ್ಲಿದ್ದರೂ ಅಷ್ಟೇ.

ಸರಿ, ಮಂತ್ರಿ, ಊರಿಗೆ ಹಿರಿಯಳಾದ ಪುಟ್ಟಗೌರಜ್ಜಿ, ಹಿಂದೆ ಬೋರಲಿಂಗ, ಹೀಗೆ ಮೂವರು ಲ್ಯಾಪ್‌ಟಾಪ್ ಅಂಗಡಿಗೆ ಹೋದರು. ಅಂಗಡಿಯ ಪುಷ್ಪವೇಣಮ್ಮ ಜಮಖಾನ ಹಾಸಿ, ಉಪ್ಪಿಟ್ಟು ಕೊಟ್ಟು, ಮೊದಲನೆಯದನ್ನು ಕರೆತಂದು ಮಣೆಯ ಮೇಲೆ ಕೂರಿಸಿದಳು. ಅದು ದುಬಾರಿಯದು. ಕೀಲಿಗಳ ಸಂದಿಯಲ್ಲೆಲ್ಲ ಕೆಂಪು ದೀಪ, ನೀಲಿ ದೀಪ. ಉಸಿರು ಬಿಟ್ಟರೆ ಅಕ್ಕಿ ಗಿರಣಿಯ ಸದ್ದು.

"ಆಟ ಬರುತ್ತೇನವ್ವ?" ಅಂದಳು ಅಜ್ಜಿ.

"ಎಲ್ಲ ಆಟವೂ ಬರುತ್ತೆ. ಆದರೆ ಸೋಲೋದು ಬರಲ್ಲ" ಅಂದಿತು ಅದು. "ನನಗೆ ಬೇರೆ ಕೋಣೆ ಬೇಕು, ಎಸಿ ಬೇಕು. ತೊಡೆಯ ಮೇಲೆ ಕೂರಲ್ಲ."

"ಊರಿಗೆ ಹೋಗಿ ಕಾಗದ ಬರೀತೀವಿ" ಅಂದ ಮಂತ್ರಿ.

ಎರಡನೆಯದು ಅಗ್ಗದ್ದು. ಬಂದದ್ದೇ ಮುಚ್ಚಳ ಮುಚ್ಚಿಕೊಂಡಿತು. ಹೆಸರು ಕೇಳಿದರೆ ಒಂದು ಚಕ್ರ ತಿರುಗಿಸುತ್ತಾ ಕೂತಿತು. ಉಪ್ಪಿಟ್ಟು ಮುಗಿಯಿತು, ಕೇಸರಿಬಾತು ಮುಗಿಯಿತು, ಕಾಫಿಯೂ ಮುಗಿಯಿತು, ಚಕ್ರ ಮಾತ್ರ ತಿರುಗುತ್ತಲೇ ಇತ್ತು. "ನಾನು ಸೋಲ್ತೀನಿ. ಆಟ ಶುರುವಾಗೋಕೆ ಮುಂಚೇನೇ ಸೋಲ್ತೀನಿ" ಅಂತ ಕೊನೆಗೊಮ್ಮೆ ಹೇಳಿ ಕಣ್ಣು ಮುಚ್ಚಿತು. ಇದಕ್ಕೂ ಕಾಗದ ಬರೆಯುವುದಾಗಿ ಹೇಳಿದರು.

ಬೋರಲಿಂಗ ಒಳಗೊಳಗೇ ಹಿಗ್ಗುತ್ತಿದ್ದ. ಯಾವುದೂ ಒಪ್ಪಿಗೆಯಾಗದಿರಲಿ ದೇವರೇ, ಯಾವುದೂ ಒಪ್ಪಿಗೆಯಾಗದಿದ್ದರೆ ನಾನು ಏನನ್ನೂ ಕತ್ತರಿಸಬೇಕಾಗಿಲ್ಲ, ಅಂತ ಬೇಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಮೂರನೆಯದು ಬಂತು. ಬೂದು ಬಣ್ಣ, ಮಟ್ಟಸವಾದ ಮೈ. ತಾನಾಗಿಯೇ ಮಣೆಯ ಮೇಲೆ ಕೂತು, ಕೇಳುವ ಮೊದಲೇ ಹೇಳಿತು.

"ಆಟ ಆಡ್ತೀನಿ, ಆದರೆ ಬಿಸಿಯಾಗ್ತೀನಿ. ಎಡಿಟಿಂಗ್ ಮಾಡ್ತೀನಿ, ಅವಸರ ಮಾಡಬಾರದು. ಚಾರ್ಜರ್ ಬಿಟ್ಟು ದೂರ ಬರಲ್ಲ. ಎಷ್ಟೋ ಜನ ಬಂದು ನನ್ನ ನೋಡಿದ್ದಾರೆ. ಎಲ್ಲರೂ ಉಪ್ಪಿಟ್ಟು ತಿಂದು, ಅದೇ ಕೈಯಲ್ಲಿ ನನ್ನ ಮುಟ್ಟಿ, ಕಾಗದ ಬರೀತೀವಿ ಅಂತ ಹೋದರು."

"ರ‍್ಯಾಮ್ ಎಷ್ಟು?" ಅಂದ ಮಂತ್ರಿ.

"ಹದಿನಾರು."

"ಅಯ್ಯೋ, ಹದಿನೆಂಟು ತುಂಬಿಲ್ಲ. ಇದನ್ನ ಕರೆದುಕೊಂಡು ಹೋದರೆ ನಮ್ಮನ್ನ ಜೈಲಿಗೆ ಹಾಕ್ತಾರೆ" ಅಂದಳು ಅಜ್ಜಿ.

"ಒಳಗೆ ಜಾಗ ಇದೆ. ಇನ್ನೊಂದು ಹದಿನಾರು ಸೇರಿಸಬಹುದು."

"ಮೂವತ್ತೆರಡಾದ್ರೆ ವಯಸ್ಸು ಮೀರಿತಲ್ಲವ್ವ. ಹೋಗಲಿ, ಗ್ರಾಫಿಕ್ಸ್ ಕಾರ್ಡ್ ಅಂತಾರಲ್ಲ, ಅದು ನಿನ್ನ ಸ್ವಂತದ್ದೋ, ಅಣ್ಣತಮ್ಮಂದಿರ ಜೊತೆ ಪಾಲಿನದೋ?"

"ಸ್ವಂತದ್ದು. ಸಣ್ಣದು, ಆದರೆ ನನ್ನದೇ."

"ತವರಿನವರು ಎಷ್ಟು ವರ್ಷ ನೋಡ್ಕೋತಾರೆ?"

"ಒಂದು ವರ್ಷ ವಾರಂಟಿ. ನೀರು ಬಿದ್ದರೆ ಅವರೂ ಕೈಬಿಡ್ತಾರೆ."

"ಕಷ್ಟಪಟ್ಟು ಸೋಲೋಕೆ ಬರುತ್ತಾ?" ಅಂದ ಮಂತ್ರಿ.

"ಚೆನ್ನಾಗಿ ಆಡ್ತಾ ಆಡ್ತಾ ನಡುವೆ ನಿಂತುಹೋಗ್ತೀನಿ. ಅದನ್ನ ನೀವು ಸೋಲು ಅಂತ ಬರೆದುಕೊಳ್ಳಿ."

ಮಂತ್ರಿಯ ಮುಖ ಅರಳಿತು. ಅವನ ಕಸುಬೂ ಅದೇ ತಾನೆ. ಆದರೂ ಪದ್ಧತಿ ಬಿಡುವಂತಿಲ್ಲ. ಮೂವರೂ ಎದ್ದು ಊರ ಗಡಿಯವರೆಗೆ ನಡೆದು ಹೋಗಿ, 'ಹುಡುಗಿ ಒಪ್ಪಿಗೆ' ಅಂತ ಕಾಗದ ಬರೆದು, ಅದನ್ನು ತಾವೇ ತಂದು ಅಂಗಡಿಯ ಬಾಗಿಲಲ್ಲಿ ಹಾಕಿ, ಲ್ಯಾಪ್‌ಟಾಪನ್ನು ಕರೆದುಕೊಂಡು ಬಂದರು. ದಾರಿಯುದ್ದಕ್ಕೂ ಅದನ್ನು ಹೊತ್ತದ್ದು ಬೋರಲಿಂಗ. ಅಷ್ಟೇನೂ ಭಾರವಿರಲಿಲ್ಲ, ಆದರೂ ಅವನ ಕಾಲು ಎದ್ದು ಬರಲಿಲ್ಲ.

ರಾಜ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಆಡಿದ. ಅದು ಹೇಳಿದ ಹಾಗೇ ನಡುವೆ ನಿಂತುಹೋಯಿತು. ರಾಜನ ತೊಡೆ ಸುಟ್ಟಿತು, ಆದರೆ ಗೆದ್ದೆನಲ್ಲ ಅಂತ ಅವನ ತಲೆ ಬಾಯಿಯವರೆಗೆ ಮಾತ್ರ ಹೊರಗೆ ಬಂತು. ಇನ್ನು ಎಡಿಟಿಂಗ್ ಮಾಡು ಅಂತ ಬೋರಲಿಂಗನನ್ನು ಅರಮನೆಯ ಉಗ್ರಾಣಕ್ಕೆ ಕಳಿಸಿದ.

ಉಗ್ರಾಣದ ಬಾಗಿಲು ಹಾಕಿಕೊಂಡು ಬೋರಲಿಂಗ ಕೂತ. ಲ್ಯಾಪ್‌ಟಾಪು ಒಂದೊಂದನ್ನೂ ಕೇಳಿಯೇ ಮಾಡುವಂಥದ್ದು.

"ಇಲ್ಲಿ ರಾಜನ ಕಾಯಿ ಕಡಿದು ಹೋಯಿತು. ಕತ್ತರಿಸಲಾ?"

"ಕತ್ತರ್ಸು."

"ಇಲ್ಲಿ ರಾಣಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಕತ್ತರಿಸಲಾ?"

"ಕತ್ತರ್ಸು."

ಒಂದೊಂದು ಕತ್ತರಿಗೂ ಆಸ್ಥಾನದಲ್ಲಿ ರಾಜನ ಕುತ್ತಿಗೆ ಒಂದು ಬೆರಳು ಮೇಲೆ ಬರುತ್ತಿತ್ತು, ಉಗ್ರಾಣದಲ್ಲಿ ಬೋರಲಿಂಗನದು ಒಂದು ಬೆರಳು ಇಳಿಯುತ್ತಿತ್ತು. ನಾಚಿಕೆಯನ್ನು ಕತ್ತರಿಸಬಹುದು, ಇಲ್ಲವಾಗಿಸಲು ಬರುವುದಿಲ್ಲ. ಹತ್ತಿರ ಯಾರಿದ್ದಾರೋ ಅವರ ಮೇಲೆ ಬೀಳುತ್ತದೆ.

"ಇಲ್ಲಿ ಈಯಮ್ಮ ಕೊನೆಯ ಕಾಯಿ ಹಣ್ಣು ಮಾಡಿ ನಿನ್ನ ಕಡೆ ನೋಡಿದ್ದಾಳೆ. ಮುಖ ಎಷ್ಟು ಬೆಳಗ್ತಿದೆ ನೋಡು. ಕತ್ತರಿಸಲಾ?"

ಬೋರಲಿಂಗ ನೋಡಿದ. ಮದುವೆಯ ದಿನವೂ ಅವಳ ಮುಖ ಹಾಗೆ ಬೆಳಗಿರಲಿಲ್ಲ. ಅವಳು ನೋಡಿದ್ದು ರಾಜನನ್ನಲ್ಲ, ರಾಣಿಯನ್ನಲ್ಲ, ಕ್ಯಾಮೆರಾದ ಹಿಂದಿದ್ದ ತನ್ನನ್ನೇ. ಅವನಿಗೆ ಭೂಮಿ ಬಾಯಿಬಿಟ್ಟು ನುಂಗಿದರೆ ಸಾಕು ಅನಿಸಿತು. ಆದರೂ ಹೇಳಿದ.

"ಕತ್ತರ್ಸು."

"ಆಯ್ತು. ಇನ್ನೊಂದು ಉಳಿದಿದೆ. ಆಗ ಕ್ಯಾಮೆರಾ ಹಿಂದಿನಿಂದ ಯಾರೋ ಕೂಗಿದ್ದಾರೆ. 'ಗೆದ್ಲು ಕಣ್ರೋ, ನಮ್ ಚಿಕ್ಕತಾಯಿ ಗೆದ್ಲು' ಅಂತ. ತುಂಬಾ ಸಂತೋಷವಾಗಿ ಕೂಗಿದ್ದಾರೆ. ಈ ದನಿ ಯಾರದು?"

ಆ ದನಿ ಅವನದೇ. ಅವತ್ತು ಮೈಮರೆತು ಕೂಗಿದ್ದ, ಸೋಲಿನ ಗಾಬರಿಯಲ್ಲಿ ರಾಜ ಅದನ್ನು ಗಮನಿಸಿರಲಿಲ್ಲ. ಬಾಗಿಲ ಆಚೆ ಮಂತ್ರಿಯ ಚಪ್ಪಲಿ ಸದ್ದು ಕೇಳಿತು. ಬೋರಲಿಂಗ ಬಾಗಿಲ ಕಡೆ ನೋಡಿದ.

"ಗೊತ್ತಿಲ್ಲ" ಅಂದ. "ಯಾರ್ದೋ ಏನೋ. ಕತ್ತರ್ಸು."

ಲ್ಯಾಪ್‌ಟಾಪು ಕತ್ತರಿಸಿತು. 'ಆಯ್ತಾ?' ಅಂತ ಬೋರಲಿಂಗ ಕೇಳಲು ಹೋದ, ಬಾಯಿಂದ ಗಾಳಿ ಬಂತು. ಮತ್ತೆ ಪ್ರಯತ್ನಪಟ್ಟ, ಮತ್ತೆ ಗಾಳಿ. ನನ್ನದಲ್ಲ ಅಂದ ಮೇಲೆ ಆ ದನಿ ಅವನ ಗಂಟಲಲ್ಲಿ ಯಾಕಿರುತ್ತದೆ, ನೀವೇ ಹೇಳಿ.

"ಕತ್ತರಿಸಿದ್ದನ್ನ ಎಸೆಯೋಕೆ ನನಗೆ ಮನಸ್ಸು ಬರಲ್ಲ" ಅಂದಿತು ಲ್ಯಾಪ್‌ಟಾಪು. "ದುಬಾರಿಯವರು ಎಸೀತಾರೆ. ನಾವು ಮಧ್ಯಮದವರು. ಹಾರ್ಲಿಕ್ಸ್ ಬಾಟಲಿ, ಬಟ್ಟೆ ಅಂಗಡಿ ಕವರು, ಎಲ್ಲ ಇಟ್ಕೊಂಡಿರ್ತೀವಿ. ಇದನ್ನೂ ಒಂದು ಮೂಲೆಯಲ್ಲಿ ಇಟ್ಟಿರ್ತೀನಿ."

ಮಾರನೆಯ ದಿನ ದೀಪ ಹಚ್ಚುವ ಹೊತ್ತಿಗೆ ಅರಮನೆ ಅಂಗಳದಲ್ಲಿ ರಾಜನ ಪಂಚೆ ಕಟ್ಟಿ, ಅದರ ಮೇಲೆ ಲ್ಯಾಪ್‌ಟಾಪಿನಿಂದ ವಿಡಿಯೋ ಬಿಟ್ಟರು. ಊರಿಗೆ ಊರೇ ಬಂದಿತ್ತು. ಚಿಕ್ಕತಾಯಿ ಮಲ್ಲಿಗೆ ಮುಡಿದು, ಅವ್ವನ ಕೈ ಹಿಡಿದುಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದಳು. ರಾಜನ ಕುತ್ತಿಗೆಯೋ, ಕೊಕ್ಕರೆಯನ್ನೂ ಮೀರಿಸಿತ್ತು. ಅವನ ತಲೆ ಮಾಳಿಗೆಯ ಮೇಲಿನಿಂದ ನೋಡುತ್ತಿತ್ತು.

ಆಟ ಶುರುವಾಯಿತು. ರಾಜನಿಗೆ ಚೌಕ ಬಿತ್ತು, ರಾಜನಿಗೆ ಬಾರ ಬಿತ್ತು. ಚಿಕ್ಕತಾಯಿಯ ಕಾಯಿ ಒಂದೂ ಹಣ್ಣಾಗಲಿಲ್ಲ. ಕಂಡದ್ದು ಅವಳ ಕೈ, ಅವಳ ಬಳೆ, ಅಷ್ಟೆ. ರಾಜ ಗೆದ್ದ. ಜನ ಪದ್ಧತಿಯಂತೆ ಚಪ್ಪಾಳೆ ತಟ್ಟಿದರು. ಅವಳ ಅವ್ವ ಮಗಳ ಕೈ ಬಿಟ್ಟು, "ಹೋಗ್ಲಿ ಬುಡವ್ವ" ಅಂದಳು. ಚಿಕ್ಕತಾಯಿಯ ಕುತ್ತಿಗೆ ಮಲ್ಲಿಗೆಯ ಸಮೇತ ಇಳಿಯತೊಡಗಿತು. ನಾನೇ ಸುಳ್ಳು ಹೇಳಿದೆನೋ ಏನೋ ಅಂತ ಅವಳಿಗೇ ಅನುಮಾನ ಬಂದ ಹಾಗಿತ್ತು.

ಅವಳು ಎದ್ದು ತಿರುಗಿ ಕೇಳಿದಳು. "ಬಾವ, ನೀನಲ್ಲೇ ಇದ್ದಲ್ಲ. ನೀನೇ ಹೇಳು, ಗೆದ್ದಿದ್ದು ಯಾರು?"

ಬೋರಲಿಂಗ ಬಾಯಿ ತೆರೆದ. ಗಾಳಿ ಬಂತು. ಮೇಲೆ ರಾಜನ ತಲೆ ಬಗ್ಗಿ ನೋಡುತ್ತಿದೆ, ಕೆಳಗೆ ಹೆಂಡತಿ ಕಾಯುತ್ತಿದ್ದಾಳೆ. ಓಡಿಹೋಗೋಣ ಅನಿಸಿತು. ಅವಳ ಮುಖ ಕಣ್ಣೆದುರಿಗೇ ಸಣ್ಣದಾಗುತ್ತಾ ಹೋಯಿತು. ಅದನ್ನು ತಾಳಲಾರದೆ ಬೋರಲಿಂಗ ಜನರ ನಡುವೆ ನಡೆದು ಬಂದು, ಲ್ಯಾಪ್‌ಟಾಪಿನ ಎದುರು ನಿಂತ.

"ನನ್ನ ಹತ್ತಿರ ಒಂದು ದನಿ ಬಿದ್ದಿದೆ" ಅಂದಿತು ಲ್ಯಾಪ್‌ಟಾಪು, ಎಲ್ಲರಿಗೂ ಕೇಳುವ ಹಾಗೆ. "ಯಾರದು?"

ಬೋರಲಿಂಗ ತನ್ನ ಎದೆ ಮುಟ್ಟಿಕೊಂಡ.

"ಗೆದ್ಲು ಕಣ್ರೋ, ನಮ್ ಚಿಕ್ಕತಾಯಿ ಗೆದ್ಲು!" ಅಂತ ಅವನ ದನಿ ಅಂಗಳದ ತುಂಬಾ ಕೇಳಿತು. ಹಿಂದೆಯೇ ಅವಳು ಕಡಿದ ಕಾಯಿಗಳು ಬಂದವು, ರಾಣಿಯ ನಗು ಬಂತು, ಕೊನೆಗೆ ಚಿಕ್ಕತಾಯಿಯ ಬೆಳಗಿದ ಮುಖ ಬಂದು ಪಂಚೆಯ ಮೇಲೆ ನಿಂತಿತು. ರಾಜನ ತಲೆ ಮಾಳಿಗೆಯಿಂದ ಸರ‍್ರನೆ ಇಳಿದು ಹೆಗಲೊಳಗೆ ಮಾಯವಾಯಿತು. ರಾಜನನ್ನು ಅನುಸರಿಸುವುದು ಪದ್ಧತಿಯಾದ್ದರಿಂದ ಮಂತ್ರಿಯ ತಲೆಯೂ ಹೋಯಿತು. ಇಬ್ಬರೂ ತಲೆ ಇಲ್ಲದೆ, ಗೋಡೆ ತಡವಿಕೊಂಡು ಒಳಗೆ ಹೋದರು.

ಬೋರಲಿಂಗನ ಗಂಟಲಿಗೆ ದನಿ ಮರಳಿತು. ಕೆಮ್ಮಿದ. ಹೆಂಡತಿಯ ಹತ್ತಿರ ಬಂದು, "ನೀನೇ ಕಣೆ ಗೆದ್ದಿದ್ದು" ಅಂದ.

ಚಿಕ್ಕತಾಯಿ ಜಾರಿದ ಮಲ್ಲಿಗೆ ಸರಿಮಾಡಿಕೊಂಡಳು. ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

"ಇಷ್ಟು ಹೇಳಾಕೆ ನಿಂಗೆ ಒಂದು ಡಬ್ಬ ಬೇಕಾಯ್ತಾ ಬಾವ?" ಅಂದಳು. ಅವ್ವನ ಕೈ ಹಿಡಿದುಕೊಂಡು ಮುಂದೆ ನಡೆದಳು. ಬೋರಲಿಂಗ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ಹಿಂದೆ ಹೋದ.

ನೀತಿ ಬೇಕೇ ಬೇಕು ಅನ್ನುವವರು ಬರೆದುಕೊಳ್ಳಿ. ಲ್ಯಾಪ್‌ಟಾಪು ಕೊಳ್ಳುವಾಗ ರ‍್ಯಾಮ್ ನೋಡಿ, ಗ್ರಾಫಿಕ್ಸ್ ಕಾರ್ಡ್ ಸ್ವಂತದ್ದಾ ಕೇಳಿ, ಉಪ್ಪಿಟ್ಟು ತಿಂದ ಕೈ ತೊಳೆದುಕೊಂಡು ಮುಟ್ಟಿ. ಹೆಂಡತಿ ಗೆದ್ದರೆ ಮಾತ್ರ ಅಲ್ಲೇ ಹೇಳಿಬಿಡಿ, ಊರಿಗೆ ಹೋಗಿ ಕಾಗದ ಬರೆಯಬೇಡಿ. ಕತೆ ಅವರ ಮನೆ ಸೇರಿತು, ನೀವು ನಿಮ್ಮ ಮನೆ ಸೇರಿಕೊಳ್ಳಿ.