ಬಸುರಿಯ ಬಳೆ ಅಳತೆ

ಬಾಗಿಲು ಮುಂದೆ ಮಾಡಿ ಹತ್ತಿರ ಕೂತುಕೋ. ನಾನು ಹೇಳಿದೆ ಅಂತ ಯಾರ ಮುಂದೂ ಬಾಯಿ ಬಿಡಬೇಡ. ಇದು ಮಂತ್ರಿಗಳ ಮನೆ ಮಾತು.

ಡಂಗುರ ಹೊಡೆದದ್ದು ಊರಿಗೇ ಗೊತ್ತು. ವರ್ಷಾವರ್ಷ ನಮ್ಮ ಅರಸರ ವೈದ್ಯಶಾಲೆಯ ವಿದ್ಯಾರ್ಥಿಗಳು ಕೇರಿ ಕೇರಿ ಸುತ್ತಿ, ಯಾರ ಮನೆಯಲ್ಲಿ ಯಾವ ಕಾಯಿಲೆ ಅಂತ ಕೇಳಿ ಬರೆದು, ಆ ಓಲೆಗಳನ್ನು ಅರಮನೆ ಅಂಗಳದಲ್ಲಿ ತೂಗುಹಾಕುತ್ತಾರಲ್ಲ, ಆ ದಿನಕ್ಕೆ ಈ ಸಲದ ಡಂಗುರವೇ ಬೇರೆ. "ಅರಸರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನು ವೈದ್ಯಶಾಲೆಗೆ ಒಡೆಯ. ತಪ್ಪಿದವನ ತಲೆ ಸಂಜೆಯೊಳಗೆ ಹೋಗುತ್ತದೆ."

ಅಷ್ಟು ಕೋಪ ಯಾಕೆ ಅಂದರೆ, ಅರಸರು ಇದ್ದೊಬ್ಬ ಮಗಳನ್ನು ಮಂತ್ರಿಯ ಮಗನಿಗೆ ಕೊಟ್ಟಿದ್ದರು. ಹೋದ ವರ್ಷ ಹೆರಿಗೆಯಲ್ಲಿ ತೀರಿಕೊಂಡಳು. ಆ ವರ್ಷದ ಓಲೆಯಲ್ಲಿ ಮಂತ್ರಿಯ ಮನೆಯವರೆಲ್ಲ ಸೌಖ್ಯ ಅಂತಲೇ ಬರೆದಿತ್ತು. ಮಗಳ ದಾಸಿ ಆಮೇಲೆ ಅರಸರ ಕಾಲು ಹಿಡಿದು ಏನೇನೋ ಹೇಳಿದಳಂತೆ.

ಆ ದಿನ ಅರಮನೆ ಅಂಗಳದಲ್ಲಿ ಮಂತ್ರಿಯ ಹೆಂಡತಿ ನಾಗಲಾಂಬೆ ಹೆಂಗಸರ ಮುಂದಿನ ಸಾಲಿನಲ್ಲೇ ಕೂತಿದ್ದಳು. ಸೊಸೆ ಸತ್ತು ವರ್ಷ ತುಂಬಿಲ್ಲ, ಮೂಗುಬೊಟ್ಟು ಹೊಸದು. ನಾನೇ ಕಣ್ಣಾರೆ ನೋಡಿದೆ.

ಅರಸರು ಕೇಳಿದರು. "ಒಡಲು ತುಂಬುತ್ತ ಬಂದ ಹಾಗೆ ಸೊರಗುತ್ತ ಹೋಗುವುದು ಯಾವುದು?"

ಹಿರಿಯ ವಿದ್ಯಾರ್ಥಿ ಎದ್ದು, ಕೆರೆ ತುಂಬಿಸುವ ಹೊಳೆ ಅಂದ. ಭಟರು ಅವನ ಕೈ ಕಟ್ಟಿದರು. ಎರಡನೆಯವನು ಮುಖ್ಯ ವೈದ್ಯರ ಅಳಿಯ. ಕೇರಿಗೆ ಕಾಲೇ ಇಡದೆ ಛತ್ರದಲ್ಲಿ ಎಲೆಅಡಿಕೆ ಜಗಿಯುತ್ತ ಓಲೆ ಬರೆದವನು, ಛತ್ರದ ಅಡುಗೆಯವಳೇ ನನಗೆ ಹೇಳಿದಳು. ಅವನು ಕಣಜ ತುಂಬಿಸುವ ಹೊಲ ಅಂದ. ಅವನನ್ನೂ ಕಟ್ಟಿದರು. ಆಮೇಲೆ ಯಾರೂ ಏಳಲಿಲ್ಲ. ಬಿಸಿಲು ಆಗಲೇ ಗೋಡೆ ಏರಿತ್ತು.

ಆಗ, ಹೆಂಗಸರ ಸಾಲಿನ ಹಿಂದೆ ಬಳೆ ಮಾರುತ್ತಿದ್ದ ಸೋಮಲಿಂಗ ಬಳೆಗಳ ಮಲಾರವನ್ನು ಹೆಗಲಿಗೇರಿಸಿ ಎದ್ದ.

"ಬಸುರಿಯ ಮುಂಗೈ, ಮಹಾಸ್ವಾಮಿ. ಕೂಸಿಗೂ ತನಗೂ ಸಾಲುವಷ್ಟು ಉಣ್ಣದಿದ್ದರೆ ಕೈ ಸೊರಗುತ್ತದೆ. ಮದುವೆಯಲ್ಲಿ ಒತ್ತಿ ಒತ್ತಿ ಏರಿಸಿದ ಬಳೆ, ಏಳನೇ ತಿಂಗಳಲ್ಲಿ ಹಸಿರು ಬಳೆ ತೊಡಿಸಲು ಹೋದಾಗ ತಾನೇ ಜಾರುತ್ತದೆ."

ಅರಸರು ಮುಂದಕ್ಕೆ ಬಾಗಿದರು. "ಎಲ್ಲರೂ ಉಂಡ ಮನೆಯಲ್ಲಿ ಹಸಿದವರು ಯಾರು?"

"ಸೌಟು ಹಿಡಿದವಳು. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದೇ ಅವಳ ಪಾಲು."

"ನೋವು ಒಬ್ಬರದು, ನಾಲಿಗೆ ಇನ್ನೊಬ್ಬರದು. ಆ ನಾಲಿಗೆ ಯಾರದು?"

ನಾಗಲಾಂಬೆ ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಹೇಳಿದರೆ ಮಂತ್ರಿ ಬಿಡುವುದಿಲ್ಲ, ಹೇಳದಿದ್ದರೆ ಅರಸರು ಬಿಡುವುದಿಲ್ಲ. ಸೋಮಲಿಂಗ ಹೆಗಲ ಮೇಲಿನ ಮಲಾರ ಇಳಿಸಿ ನೆಲದ ಮೇಲಿಟ್ಟ.

"ಅತ್ತೆಯದು," ಅಂದ. "ವೈದ್ಯರನ್ನು ಹೊಸಿಲಲ್ಲೇ ನಿಲ್ಲಿಸಿ, ನಮ್ಮ ಸೊಸೆಗೇನು, ಗುಂಡುಕಲ್ಲಿನ ಹಾಗಿದ್ದಾಳೆ ಅನ್ನುತ್ತಾರೆ. ಓಲೆಗೆ ಅದೇ ಏರುತ್ತದೆ. ಒಳಗೆ ಕರೆದು ಸೊಸೆಯ ಕೈ ಹಿಡಿಯಲು ಬಿಡುವುದು ಬಳೆಗಾರನನ್ನು ಮಾತ್ರ. ರಾಜಕುಮಾರಿಯವರ ಕೈಯನ್ನೂ ಹಿಡಿದಿದ್ದೆ. ಎರಡು ಅಳತೆ ಚಿಕ್ಕ ಬಳೆ ಬೇಕಾಯಿತು. ಅವತ್ತೇ ಬಂದು ಹೇಳಲು ಧೈರ್ಯ ಸಾಲಲಿಲ್ಲ, ಮಹಾಸ್ವಾಮಿ."

ನಾಗಲಾಂಬೆಯ ಮುಖ ಸುಟ್ಟ ಬದನೆಕಾಯಿ ಆಗಿತ್ತು. ಅರಸರು ಗದ್ದುಗೆಯಿಂದ ಎದ್ದರು. ಆಮೇಲೆ ಇಳಿದು ಬಂದು ವೈದ್ಯಶಾಲೆಯ ಬೀಗದಕೈಯನ್ನು ಸೋಮಲಿಂಗನ ಅಂಗೈಯಲ್ಲಿಟ್ಟರು. ಅವನು ಬೇಡಿಕೊಂಡದ್ದು ಇಷ್ಟೇ: ಕಟ್ಟಿದವರನ್ನು ಬಿಡಿ, ನನ್ನ ಮಲಾರ ಹೊತ್ತು ಒಂದು ವರ್ಷ ಮನೆಮನೆ ತಿರುಗಲಿ. ಅರಸರು ಒಪ್ಪಿದರು. ಮುಖ್ಯ ವೈದ್ಯರ ಅಳಿಯ ಈಗ ಬಳೇ ಬಳೇ ಅಂತ ಕೂಗುತ್ತ ಬರುತ್ತಾನೆ, ನೋಡಲು ಎರಡು ಕಣ್ಣು ಸಾಲದು. ನಾಗಲಾಂಬೆಯ ಶಿಕ್ಷೆ ಏನು ಗೊತ್ತೇ? ಉಳಿದ ಸೊಸೆಯರು ಉಂಡೆದ್ದ ಮೇಲೆ ಇವಳು ತಳ ಕೆರೆದುಕೊಂಡು ಉಣ್ಣಬೇಕು.

ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆದೀತೇ? ಪಕ್ಕದ ಮನೆ ಸಾತವ್ವನಿಗೆ ಮಾತ್ರ ಹೇಳಿದೆ. ಎಂಥೆಂಥ ಅತ್ತೆಯರಿರುತ್ತಾರೆ ನೋಡು, ನನ್ನ ಸೊಸೆಗೂ ಏಳು ತುಂಬಿದೆ, ಗುಂಡುಕಲ್ಲಿನ ಹಾಗಿದ್ದಾಳೆ ಅಂದೆ. ಸಾತವ್ವ ಸೆರಗಿನ ಗಂಟು ಬಿಚ್ಚಿ ಒಂದು ಹಸಿರು ಬಳೆ ತೆಗೆದು ನನ್ನ ಮುಂದಿಟ್ಟಳು. ಒಡೆದಿರಲಿಲ್ಲ.

"ನಿನ್ನ ಸೊಸೆ ನೀರು ಸೇದುವಾಗ ಕೈಯಿಂದ ಜಾರಿ ನನ್ನ ಕೊಡಕ್ಕೆ ಬಿತ್ತು, ಗಂಗಕ್ಕ. ಇವತ್ತು ಮೊದಲು ಅವಳಿಗೆ ಬಡಿಸು."