ಸಂಕವ್ವನ ಬೋಕಿ ಗುಡ್ಡೆ

ಬಹಳ ಹಿಂದೆ, ನಮ್ಮಜ್ಜಿಗೆ ಅವರಜ್ಜಿ ಹೇಳಿದ ಕಾಲದಲ್ಲಿ, ಕೆರೆಯ ಮಗ್ಗುಲಿಗೆ ಒಂದೂರಿತ್ತಂತೆ. ಊರಿನ ಕೊನೆಮನೆಯಲ್ಲಿ ಕುಂಬಾರ ಸಂಕವ್ವ ಇದ್ದಳಂತೆ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅವಳ ಗಡಿಗೆಯನ್ನು ಉಗುರಿನಿಂದ ತಟ್ಟಿದರೆ ಗುಡಿಯ ಗಂಟೆ ತಾನಾಗಿ ಮೊಳಗುತ್ತಿತ್ತು ಅಂತಾರೆ. ಅಷ್ಟೆಲ್ಲ ನಂಬಬೇಡಿ. ನೀರು ಮಾತ್ರ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತಂತೆ.

ಅವಳದೊಂದು ಹಟ. ಹೊಸ ಗಡಿಗೆ ಬೇಕಾದರೆ ಹಳೆಯದು ಒಡೆದ ಚೂರು, ಅಂದರೆ ಬೋಕಿ, ತಂದು ಒಪ್ಪಿಸಬೇಕು. ಗೌಡತಿ ಬಂದರೂ ಅಷ್ಟೇ. ಇದ್ದದ್ದು ಇರುವಾಗ ಮತ್ತೆ ಕೆರೆಗೆ ಹೋಗಿ ಮಣ್ಣು ಬೇಡಲು ನನಗೆ ನಾಚಿಕೆಯಾಗುತ್ತದೆ ಅನ್ನುತ್ತಿದ್ದಳಂತೆ. ತಂದ ಬೋಕಿಗಳನ್ನು ಹಿತ್ತಲಲ್ಲಿ ಗುಡ್ಡೆ ಹಾಕುತ್ತಿದ್ದಳು.

ಆಮೇಲೆ ಒಬ್ಬ ವ್ಯಾಪಾರಿ ಬಣ್ಣದ ಗಡಿಗೆಗಳ ಬಂಡಿ ಹೊಡೆದುಕೊಂಡು ಬಂದ. ಅಮಾವಾಸ್ಯೆಗೊಂದು ಹೊಸ ಬಣ್ಣ. ಹೆಂಗಸರಿಗೆ ಹುಚ್ಚು ಹಿಡಿಯಿತಂತೆ. ಗಂಡಸರೇನು ಕಡಿಮೆ? ಯಾರ ಮನೆಯಲ್ಲಿ ಎಷ್ಟು ಸಾಲು ಗಡಿಗೆ ಅಂತ ಕಟ್ಟೆಯ ಮೇಲೆ ಕೂತು ಜಂಬ ಕೊಚ್ಚುತ್ತಿದ್ದರಂತೆ. ಅಡುಗೆಮನೆ ತುಂಬಿ, ಗಡಿಗೆಗಳು ಕೊಟ್ಟಿಗೆಗೆ ಹೋದವು, ದನಗಳು ಬಯಲಿಗೆ ಬಂದವು. ಸಂಕವ್ವನ ಅಂಗಳಕ್ಕೆ ಬರುವವರೇ ಇಲ್ಲವಾದರು.

ಪಕ್ಕದ ಮನೆಯ ನೀಲವ್ವ ಒಬ್ಬಳೇ ಸಂಜೆಗೆ ಬಂದು, ಗಡಿಗೆ ತಿರುಗಿಸುವ ತಿಗರಿಯ ಪಕ್ಕ ಕೂತು, ಎಲೆಯಡಿಕೆ ಹಾಕಿಕೊಂಡು ಹೋಗುತ್ತಿದ್ದಳು. ಆ ಒಂದು ಗಳಿಗೆಗಾಗಿ ಸಂಕವ್ವ ದಿನವಿಡೀ ಕಾಯುತ್ತಿದ್ದಳು.

ಒಮ್ಮೆ ನೀಲವ್ವನ ಮನೆಗೆ ಬೀಗರು ಬರುವವರಿದ್ದರು. ಬಣ್ಣದ ಗಡಿಗೆ ತಂದರೆ ಗೆಳತಿಗೆ ನೋವು, ಹಳೆಯದನ್ನೇ ಇಟ್ಟರೆ ಬೀಗರೆದುರು ತಲೆತಗ್ಗಿಸಬೇಕು. ಸಂಕವ್ವನ ಹತ್ತಿರವೇ ಹೊಸದು ತಂದರಾಯಿತು ಅಂದುಕೊಂಡಳು. ಅದಕ್ಕೆ ಬೋಕಿ ಬೇಕಲ್ಲ! ತನ್ನ ಮದುವೆಗೆಂದು ಸಂಕವ್ವನೇ ಮಾಡಿಕೊಟ್ಟಿದ್ದ, ಒಂದು ಬಿರುಕೂ ಬಿಡದ ಗಡಿಗೆಯನ್ನು ಒರಳುಕಲ್ಲಿಗೆ ಕುಕ್ಕಿ ಒಡೆದಳು. ಬಟ್ಟಲಿನಂತೆ ಉಳಿದ ತಳವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಕುಕ್ಕಿದ ಸದ್ದು ಗೋಡೆಯಾಚೆ ಸಂಕವ್ವನಿಗೆ ಕೇಳಿಸಿತ್ತು. ಬೋಕಿ ಅವಳ ಕೈಗೆ ಬಂದಾಗ ಇನ್ನೂ ಒದ್ದೆಯಾಗಿ, ತಣ್ಣಗಿತ್ತು.

“ಒಡದೈತೇನ ನೀಲಾ?”

“ಹೂಂ ಯಕ್ಕಾ. ಕೈ ಜಾರಿತು.”

ಸಂಕವ್ವ ಬೈಯಲಿಲ್ಲ. ಹೊಸ ಗಡಿಗೆ ಕೊಟ್ಟು ಕಳಿಸಿದಳು. ಮರುದಿನ ನೀಲವ್ವ ಬರಲಿಲ್ಲ. ಯಾವ ಮುಖ ಹೊತ್ತು ಬಂದಾಳು? ಸಂಕವ್ವ ಎಲೆಯಡಿಕೆಯ ತಟ್ಟೆ ತೊಳೆದಿಟ್ಟುಕೊಂಡು ಕಾದಳು. ಒಂದು ಗಡಿಗೆ ಹೆಚ್ಚಾಗಬಾರದೆಂದು ಹಟ ಹಿಡಿದೆ, ಇದ್ದೊಬ್ಬ ಗೆಳತಿಯೂ ಕಡಿಮೆಯಾದಳು ಅಂತ ಅತ್ತಳಂತೆ. ಗೋಡೆಯಾಚೆ ನೀಲವ್ವನೂ ಅತ್ತಳಂತೆ. ನಡುವೆ ಇದ್ದದ್ದು ಒಂದೇ ಗೋಡೆ, ಇಬ್ಬರೂ ದಾಟಲಿಲ್ಲ. ತಿಗರಿ ಮತ್ತೆ ತಿರುಗಲಿಲ್ಲ.

ಸಂಕವ್ವ ಸತ್ತ ದಿನ ಊರವರು ಒಳಗೆ ಹೋಗಿ ನೋಡಿದರೆ, ಹಾಸಿಗೆಯ ಪಕ್ಕ ಕುಡಿಯುವ ನೀರಿತ್ತಂತೆ. ನೀರಿದ್ದದ್ದು ನೀಲವ್ವ ತಂದುಕೊಟ್ಟ ಆ ಬೋಕಿಯಲ್ಲಿ. ಅದನ್ನು ಕಂಡ ನೀಲವ್ವ, ಬದುಕಿದಷ್ಟು ದಿನ ಸಂಜೆಯಾದರೆ ಹಿತ್ತಲ ಗುಡ್ಡೆಯ ಪಕ್ಕ ಬಂದು ಕೂರುತ್ತಿದ್ದಳಂತೆ.

ಈಗಲೂ ಆ ಊರಿನವರಿಗೆ ಹೊಸದೇನಾದರೂ ಕೊಳ್ಳಬೇಕೆನಿಸಿದರೆ, ಗಡಿಗೆಯಿರಲಿ, ಸೀರೆಯಿರಲಿ, ಮೊದಲು ಬೋಕಿ ಗುಡ್ಡೆಗೆ ಹೋಗಿ ಎಲೆಯಡಿಕೆ ಇಟ್ಟು ಸ್ವಲ್ಪ ಹೊತ್ತು ಕೂರುತ್ತಾರೆ. ಯಾರಾದರೂ ಹಾಗೆ ಕೂತದ್ದು ಕಂಡರೆ, ದಾರಿಯಲ್ಲಿ ಹೋಗುವವರು ಬಂದು ಪಕ್ಕದಲ್ಲಿ ಕೂತು, “ಒಡದೈತೇನ?” ಅಂತ ಕೇಳುತ್ತಾರೆ. ಅಲ್ಲಿ ಸುಳ್ಳು ಹೇಳುವ ಹಾಗಿಲ್ಲ. ಹೆಚ್ಚಿನವರು ಇಲ್ಲ ಅಂದು, ಕತ್ತಲಾಗುವವರೆಗೆ ಮಾತಾಡುತ್ತ ಕೂತು, ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ.